ಹಲಗೆ ಕಾಣದ ವಿಡಿಯೋಗೆ ಅಂಕ ಹಾಕುವ ಮುನ್ನ

ಅಭ್ಯಾಸ ಬೋಧನೆಯ ವಿಡಿಯೋ ಒಂದನ್ನು ನೋಡಿ ನಾನು ವೀಕ್ಷಣಾ ಪಟ್ಟಿಯಲ್ಲಿ ಹೀಗೆ ಬರೆದಿದ್ದೆ: ‘ಕಪ್ಪುಹಲಗೆ ಬರವಣಿಗೆ ಅಸ್ಪಷ್ಟ. ಅಂಕಿಗಳು ಓದಲು ಬರುವುದಿಲ್ಲ.’ ಅದು ಐದನೇ ತರಗತಿಯ ಭಿನ್ನರಾಶಿ ಪಾಠ. ಹಲಗೆಯ ಮೇಲಿನ 3/8 ನನಗೆ 3/6ರಂತೆ ಕಾಣುತ್ತಿತ್ತು. ಆ ಅಂಶಕ್ಕೆ ಅಂಕ ಕಡಿಮೆ ಕೊಟ್ಟೆ. ಹಿಮ್ಮಾಹಿತಿಯ ದಿನ ಆ ಪ್ರಶಿಕ್ಷಣಾರ್ಥಿ ವಾದ ಮಾಡಲಿಲ್ಲ. ತನ್ನ ಮೊಬೈಲ್ ಮುಂದಿಟ್ಟು, ‘ಮೇಡಂ, ಇದನ್ನೊಂದ್ಸಲ ನೋಡ್ತೀರಾ?’ ಎಂದಳು. ಅದೇ ಪಾಠ, ಅದೇ ಹಲಗೆ. ಆದರೆ ಅಕ್ಷರಗಳು ಮುತ್ತಿನಂತಿದ್ದವು.

ಅವಳ ಮೊಬೈಲಿನಲ್ಲಿ ಚೆನ್ನಾಗಿದ್ದದ್ದು ನನ್ನ ಬಳಿ ಬರುವಷ್ಟರಲ್ಲಿ ಕೆಟ್ಟದ್ದು ಹೇಗೆ? ಅವಳು ಮೂಲ ವಿಡಿಯೋವನ್ನು ಮೆಸೇಜ್ ಆ್ಯಪ್‌ನಲ್ಲಿ ಗೆಳತಿಗೆ ಕಳಿಸಿದ್ದಳು. ಗೆಳತಿ ಅದನ್ನು ಇನ್ನೊಂದು ಆ್ಯಪ್‌ನಲ್ಲಿ ಕತ್ತರಿಸಿ, ಹೆಸರು ಸೇರಿಸಿ, ಯೂಟ್ಯೂಬ್‌ಗೆ ಏರಿಸಿದ್ದಳು. ಪ್ರತಿ ಹಂತದಲ್ಲೂ ವಿಡಿಯೋ ಕುಗ್ಗಿದೆ. ಜೆರಾಕ್ಸ್ ಪ್ರತಿಯನ್ನೇ ಮತ್ತೆ ಮತ್ತೆ ಜೆರಾಕ್ಸ್ ಮಾಡಿಸಿದರೆ ಆಗುವುದು ಇದೇ. ಹೀಗೆ ಕುಗ್ಗಿಸುವಾಗ ಗೋಡೆ, ಸೀರೆ, ಬೆಂಚಿನಂಥ ದೊಡ್ಡ ಭಾಗಗಳು ಉಳಿಯುತ್ತವೆ. ತೆಳುವಾದ ಗೆರೆಗಳು ಮೊದಲು ಅಳಿಸಿಹೋಗುತ್ತವೆ. ಸೀಮೆಸುಣ್ಣದ ಬರಹ ಎಂದರೆ ತೆಳುವಾದ ಗೆರೆಗಳೇ ತಾನೆ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ವಿಡಿಯೋ ಮೂಲಕ ಬೋಧನೆಯನ್ನು ಅಳೆಯುವುದಾದರೆ, ವಿಡಿಯೋವನ್ನು ಕೆಡದಂತೆ ತಲುಪಿಸುವುದನ್ನು ಕಲಿಸುವುದೂ ನಮ್ಮ ಹೊಣೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಅಣುಬೋಧನೆಯನ್ನು ರೂಪಿಸಿದಾಗಲೇ ವಿಡಿಯೋ ಟೇಪ್ ಅದರ ಭಾಗವಾಗಿತ್ತು. ಬೋಧಿಸಿದವರು ತಮ್ಮನ್ನು ತಾವೇ ನೋಡಿ ತಿದ್ದಿಕೊಳ್ಳಲಿ ಎಂಬುದು ಅದರ ಉದ್ದೇಶ. ಕನ್ನಡಿಯೇ ಮಸುಕಾದರೆ ಏನನ್ನು ತಿದ್ದಿಕೊಳ್ಳುವುದು?

ಇದಕ್ಕೆ ದುಬಾರಿ ಮೊಬೈಲ್ ಬೇಕಿಲ್ಲ. ಮೊಬೈಲನ್ನು ಅಡ್ಡಲಾಗಿ, ಟ್ರೈಪಾಡ್ ಮೇಲೆ ಅಥವಾ ಬೆಂಚಿನ ಮೇಲೆ ಪುಸ್ತಕ ಜೋಡಿಸಿ ಅಲುಗಾಡದಂತೆ ನಿಲ್ಲಿಸಬೇಕು. ಕೈ ಅಲುಗಿದರೆ ಇಡೀ ಚಿತ್ರವೇ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫೈಲಿನ ಸಾಮರ್ಥ್ಯವೆಲ್ಲ ಆ ಅಲುಗಾಟಕ್ಕೇ ಖರ್ಚಾಗಿ ಅಕ್ಷರ ಮಸುಕಾಗುತ್ತದೆ. ಕತ್ತಲೆ ಕೋಣೆಯಲ್ಲಿ ಮೂಡುವ ಚುಕ್ಕೆಗಳೂ ಹೀಗೆಯೇ ಮಾಡುತ್ತವೆ. ಕಿಟಕಿಗಳು ತೆರೆದಿರಲಿ, ಆದರೆ ಕ್ಯಾಮೆರಾ ಕಿಟಕಿಗೆ ಎದುರಾಗಿರದಿರಲಿ. ಜೂಮ್ ಮಾಡುವ ಬದಲು ಹಲಗೆಯ ಹತ್ತಿರ ಇಡಬೇಕು. ಕೊನೆಯ ಬೆಂಚಿನಲ್ಲಿಟ್ಟ ಮೊಬೈಲಿಗೆ ಫ್ಯಾನಿನ ಸದ್ದು ಕೇಳಿಸುತ್ತದೆ, ಮಕ್ಕಳ ಉತ್ತರ ಕೇಳಿಸುವುದಿಲ್ಲ. ವಿಡಿಯೋಗಾಗಿ ಮಕ್ಕಳ ಉತ್ತರವನ್ನೆಲ್ಲ ಶಿಕ್ಷಕರೇ ಮತ್ತೆ ಹೇಳತೊಡಗಿದರೆ ಪಾಠವೇ ಕೆಡುತ್ತದೆ.

ಯೂಟ್ಯೂಬ್ ಪ್ರತಿ ವಿಡಿಯೋವನ್ನೂ ತನ್ನ ರೀತಿಯಲ್ಲಿ ಮತ್ತೆ ಕುಗ್ಗಿಸುತ್ತದೆ. ಅದನ್ನು ತಪ್ಪಿಸಲಾಗದು. ಅದಕ್ಕೆ ಮೊದಲಿನ ಕುಗ್ಗುವಿಕೆಗಳನ್ನು ಮಾತ್ರ ನಾವು ತಪ್ಪಿಸಬಹುದು. ಸೆಕೆಂಡಿಗೆ 30 ಚಿತ್ರಗಳಿರುವ 1080ಪಿ ವಿಡಿಯೋಗೆ ಅದು ಸೂಚಿಸುವ ಪ್ರಮಾಣ ಸೆಕೆಂಡಿಗೆ ಸುಮಾರು 8 ಮೆಗಾಬಿಟ್, 720ಪಿಗೆ ಸುಮಾರು 5. ಲೆಕ್ಕ ಹಾಕಿದರೆ ಹತ್ತು ನಿಮಿಷದ ಪಾಠಕ್ಕೆ ಕ್ರಮವಾಗಿ 600 ಎಂಬಿ ಮತ್ತು 375 ಎಂಬಿ. ನಿಮ್ಮ ಕೈಯಲ್ಲಿರುವ ಫೈಲು 40 ಎಂಬಿಗೆ ಇಳಿದಿದ್ದರೆ, ಏರಿಸುವ ಮೊದಲೇ ಹಲಗೆ ಅಳಿಸಿಹೋಗಿದೆ ಎಂದು ತಿಳಿಯಿರಿ. ಗೆಳೆಯರಿಗೆ ಕಳಿಸಲೇಬೇಕಾದರೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಮೊದಲ ಮತ್ತು ಕೊನೆಯ ಬೇಡದ ಭಾಗವನ್ನು ಏರಿಸಿದ ಮೇಲೆ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೋದಲ್ಲೇ ಕತ್ತರಿಸಬಹುದು. ಮಕ್ಕಳ ಮುಖಗಳಿರುವುದರಿಂದ ಶಾಲೆಯ ಮತ್ತು ಪೋಷಕರ ಒಪ್ಪಿಗೆ ಪಡೆಯಿರಿ. ‘ಪಬ್ಲಿಕ್’ ಬೇಡ, ಲಿಂಕ್ ಇದ್ದವರಿಗಷ್ಟೇ ಕಾಣುವ ‘ಅನ್‌ಲಿಸ್ಟೆಡ್’ ಇರಲಿ.

ಒಂದು ಆಕ್ಷೇಪಣೆ ನ್ಯಾಯವಾದದ್ದು. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲಿ ಮನೆಮಂದಿಯೊಂದಿಗೆ ಹಂಚಿಕೊಳ್ಳುವ ಹುಡುಗಿ 600 ಎಂಬಿ ಎಲ್ಲಿಂದ ತಂದಾಳು? ಮೂಲ ಫೈಲನ್ನು ಕೇಬಲ್ ಮೂಲಕ ಪ್ರಯೋಗಾಲಯದ ಕಂಪ್ಯೂಟರಿಗೆ ಹಾಕಿ, ಕಾಲೇಜಿನ ಅಂತರ್ಜಾಲದಲ್ಲೇ ಏರಿಸುವ ವ್ಯವಸ್ಥೆಯನ್ನು ನಾವು ಮಾಡಿಕೊಡಬೇಕು. ಒಂದು ಟ್ರೈಪಾಡ್, ಒಂದು ಕಾಲರ್ ಮೈಕ್ ಬೋಧನೋಪಕರಣಗಳ ಕಪಾಟಿನಲ್ಲಿರಲಿ. ಇಲ್ಲವಾದರೆ ನಾವು ಅಳೆಯುವುದು ಬೋಧನಾ ಕೌಶಲವನ್ನಲ್ಲ, ಮನೆಯ ಡೇಟಾ ಪ್ಯಾಕನ್ನು.

ಮೌಲ್ಯಮಾಪಕರಿಗೂ ಒಂದು ಮಾತು. ಏರಿಸಿದ ಕೂಡಲೇ ಯೂಟ್ಯೂಬ್‌ನಲ್ಲಿ ಕಡಿಮೆ ಗುಣಮಟ್ಟದ ರೂಪ ಮಾತ್ರ ಸಿಗುತ್ತದೆ. ಎಚ್‌ಡಿ ಸಿದ್ಧವಾಗಲು ಸಮಯ ಬೇಕು. ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ 360ಪಿ ನೋಡಿ ‘ಅಸ್ಪಷ್ಟ’ ಎಂದು ಬರೆಯುವುದು ಸುಲಭ. ಸೆಟ್ಟಿಂಗ್‌ನಲ್ಲಿ ಗುಣಮಟ್ಟವನ್ನು 720ಪಿಗಾದರೂ ಏರಿಸಿ, ಆಮೇಲೂ ಕಾಣದಿದ್ದರೆ ಮೂಲ ಫೈಲು ಕೇಳಿ. ನಾನು ಕೇಳಿರಲಿಲ್ಲ. ಆ ಪಟ್ಟಿಯನ್ನು ತಿದ್ದಿ, ಸಹಿ ಹಾಕಿ, ಅಂಕ ಹೆಚ್ಚಿಸಿದೆ. ಆದರೆ ಅವಳು ಮೊಬೈಲ್ ತೆಗೆದು ತೋರಿಸಿದ್ದರಿಂದ ಅದು ಸಾಧ್ಯವಾಯಿತು. ತೋರಿಸಲು ಹಿಂಜರಿದವರು ಎಷ್ಟು ಮಂದಿಯೋ?