ಕಾಳು ಹೊಟ್ಟೆಗೆ, ಬೀಜ ಇಂಧನಕ್ಕೆ: ಬಸದಿಯ ಭೂಮಿ ಮತ್ತು ಶ್ರಾವಕಧರ್ಮ

ತಟ್ಟೆಯಲ್ಲಿ ಒಂದು ಅಗುಳು ಬಿಟ್ಟು ಏಳುವುದನ್ನೂ ದೋಷವೆಂದು ಎಣಿಸುವ ಸಮಾಜ ನಮ್ಮದು. ನೀರನ್ನು ಸೋಸಿ ಕುಡಿಯುವ, ಕಾಳನ್ನು ಕಣ್ಣಿಟ್ಟು ಆರಿಸುವ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಈ ಸಮಾಜವು, ಲಕ್ಷಾಂತರ ಟನ್ ಅಕ್ಕಿಯೂ ಗೋವಿನಜೋಳವೂ ಹುಳಿತು ಮದ್ಯಸಾರವಾಗಿ ವಾಹನಗಳಲ್ಲಿ ಉರಿದುಹೋಗುತ್ತಿರುವುದನ್ನು ಕಂಡೂ ಒಂದು ಮಾತನ್ನಾಡದೆ ಕುಳಿತಿದೆ. ಈ ಮೌನ ಧರ್ಮಸಮ್ಮತವಲ್ಲ. ಹೊಲದ ಕಾಳು ಮನುಷ್ಯರ ಮತ್ತು ದನಕರುಗಳ ಹೊಟ್ಟೆಗೆ ಸೇರಬೇಕು. ಹಳ್ಳಿಗೆ ಬೇಕಾದ ಇಂಧನದಲ್ಲಿ ಸಾಧ್ಯವಾದಷ್ಟು ಭಾಗ ಬದು, ಹಳ್ಳ, ಸವಳು ನೆಲಗಳಲ್ಲಿ ಬೆಳೆದ ಮರಗಳ ಬೀಜದಿಂದ ಬರಬೇಕು. ಇದನ್ನು ಮೊದಲು ಮಾಡಿ ತೋರಿಸಬೇಕಾದವರು ಭೂಮಿಯುಳ್ಳ ಜೈನ ಕುಟುಂಬಗಳು ಮತ್ತು ಬಸದಿಗಳ ಟ್ರಸ್ಟುಗಳು. ಈ ಲೇಖನದ ವಾದ ಇಷ್ಟೇ.

ಈ ಮಾತನ್ನು ನರಗುಂದ ತಾಲೂಕಿನ ಕೊಣ್ಣೂರಿನಿಂದ ಆರಂಭಿಸುವುದಕ್ಕೆ ಕಾರಣವುಂಟು. ಮಲಪ್ರಭೆಯ ದಂಡೆಯ ಈ ಊರು ಶಾಸನಗಳ ಕೊಳನೂರು. ಬನವಾಸಿ ನಾಡನ್ನು ಆಳುತ್ತಿದ್ದ ಬಂಕೇಶನು ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನು. ಆತನ ಬಿನ್ನಹದಂತೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನು ಕ್ರಿ.ಶ. 860ರಲ್ಲಿ ತಲೆಯೂರು ಎಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಕೆಲವು ಭೂಮಿಗಳನ್ನೂ ದೇವೇಂದ್ರ ಮುನಿಗಳಿಗೆ ದಾನವಾಗಿ ಕೊಟ್ಟನೆಂದು ಕೊಣ್ಣೂರಿನ ಶಿಲಾಶಾಸನವು ತಿಳಿಸುತ್ತದೆ. ಬಸದಿಗೆ ಭೂಮಿಯನ್ನು ಬಿಡುವ ಪದ್ಧತಿ ನಮ್ಮಲ್ಲಿ ಸಾವಿರ ವರ್ಷಕ್ಕೂ ಹಿಂದಿನದು. ಇನಾಮು ರದ್ದತಿ ಮತ್ತು ಭೂಸುಧಾರಣೆಗಳ ನಂತರ ಆ ಭೂಮಿಯ ಬಹುಪಾಲು ಕೈಬಿಟ್ಟಿತು. ಉಳಿದಿರುವ ಅಲ್ಪಸ್ವಲ್ಪವನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ವರ್ಷಕ್ಕೊಮ್ಮೆ ಹರಾಜು ಕೂಗಿ, ಹೆಚ್ಚು ಹಣ ಹೇಳಿದವನಿಗೆ ಲಾವಣಿಗೆ ಕೊಟ್ಟು, ಬಂದ ಹಣವನ್ನು ಲೆಕ್ಕಕ್ಕೆ ಜಮಾ ಮಾಡಿದರೆ ವಿಶ್ವಸ್ತರ ಕರ್ತವ್ಯ ಮುಗಿಯಿತೆಂದು ಅನೇಕ ಕಡೆ ಭಾವಿಸಲಾಗಿದೆ. ಒಂದೇ ವರ್ಷದ ಹಕ್ಕು ಪಡೆದವನು ಮರವನ್ನು ಏಕೆ ಸಾಕಿಯಾನು? ಬದುವಿನ ಬೇವು ಅವನಿಗೆ ಅಡ್ಡಿ, ಹಳ್ಳದ ಹೊಂಗೆ ಅವನಿಗೆ ಸೌದೆ.

ಈಗ ಕಾಳಿನ ಕಥೆಯನ್ನು ನೋಡೋಣ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಮನುಷ್ಯರು ತಿನ್ನಲು ಬಾರದ ಕೆಟ್ಟ ಕಾಳಿಗೆ ಎಥೆನಾಲ್ ಕಾರ್ಖಾನೆಯ ಬಾಗಿಲು ತೆರೆಯಿತು. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ 2020ರಲ್ಲಿ ಆಹಾರ ನಿಗಮದ ಗೋದಾಮಿನ ಹೆಚ್ಚುವರಿ ಅಕ್ಕಿಗೂ ಅದೇ ದಾರಿಯಾಯಿತು. 2023ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯಕ್ಕಾಗಿ ಕಿಲೋಗೆ 34 ರೂಪಾಯಿ ಕೊಟ್ಟು ಅಕ್ಕಿ ಕೊಳ್ಳಲು ಮುಂದಾದಾಗ, ರಾಜ್ಯಗಳಿಗೆ ಮುಕ್ತ ಮಾರಾಟ ನಿಂತಿದೆ ಎಂಬ ಉತ್ತರ ಬಂದಿತು. ಜನರಿಗೆ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಣ ಹಂಚಬೇಕಾಯಿತು. ಅದೇ ದಿನಗಳಲ್ಲಿ ನಿಗಮದ ಅಕ್ಕಿ ಕಿಲೋಗೆ 20 ರೂಪಾಯಿಯಂತೆ ಎಥೆನಾಲ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಜುಲೈಯಲ್ಲಿ ಅದು ನಿಂತರೂ 2024ರಲ್ಲಿ ಮತ್ತೆ ಆರಂಭವಾಯಿತು. ಈ ನಡುವೆ ಗೋವಿನಜೋಳವು ಎಥೆನಾಲಿನ ಪ್ರಧಾನ ಕಚ್ಚಾವಸ್ತುವಾಗಿ, ಅದನ್ನು ಹೊರದೇಶಕ್ಕೆ ಮಾರುತ್ತಿದ್ದ ದೇಶವೇ 2024ರಲ್ಲಿ ಹೊರಗಿನಿಂದ ತರಿಸಿಕೊಂಡಿತು. ಒಂದು ಲೀಟರ್ ಎಥೆನಾಲಿಗೆ ಸುಮಾರು ಎರಡೂವರೆ ಕಿಲೋ ಗೋವಿನಜೋಳ ಬೇಕು. 2025ರಲ್ಲಿ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು.

ಇದರಿಂದ ರೈತನಿಗೆ ಒಳ್ಳೆಯ ಬೆಲೆ ಸಿಗುವುದೆಂಬುದು ಇದರ ಪರವಾದ ಮುಖ್ಯ ವಾದ. ಕೆಲವು ತಿಂಗಳು ಬೆಲೆ ಏರಿದ್ದು ನಿಜ. ಆದರೆ 2025ರ ನವೆಂಬರಿನಲ್ಲಿ ನಮ್ಮ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿಯೇ, 2,400 ರೂಪಾಯಿಯ ಬೆಂಬಲ ಬೆಲೆಗೆ ಗೋವಿನಜೋಳ ಕೊಳ್ಳುವ ಕೇಂದ್ರ ತೆರೆಯಿರೆಂದು ರೈತರು ಧರಣಿ ಕೂರಬೇಕಾಯಿತು. ಕಾಳು ಕಾರ್ಖಾನೆಯ ಸರಕಾದ ಮೇಲೆ ಅದರ ಬೆಲೆಯನ್ನು ಉಣ್ಣುವವನಾಗಲಿ ಬೆಳೆಯುವವನಾಗಲಿ ಕಟ್ಟಲಾರನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

“ನಾವು ಎಥೆನಾಲ್ ಕಾರ್ಖಾನೆ ನಡೆಸುತ್ತಿಲ್ಲವಲ್ಲ” ಎಂದು ಶ್ರಾವಕನೊಬ್ಬ ಹೇಳಬಹುದು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಿಂದಲೂ ಹಿಂಸೆಯ ದೋಷ ತಗಲುವುದೆಂದು ಬಾಲ್ಯದಿಂದ ಕೇಳುತ್ತ ಬಂದವರಿಗೆ ಈ ಸಮಾಧಾನ ಒಪ್ಪುವುದಿಲ್ಲ. ಕಾರ್ಖಾನೆಗೆ ಹೋಗುವುದೆಂದು ತಿಳಿದೂ ಬಸದಿಯ ಹೊಲವನ್ನು ಗೋವಿನಜೋಳಕ್ಕೆ ಲಾವಣಿ ಕೊಡುವುದು ಅನುಮೋದನವಲ್ಲದೆ ಮತ್ತೇನು?

ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಆರು ಲೇಶ್ಯೆಗಳ ಚಿತ್ರವಿದೆ. ಗೊಮ್ಮಟಸಾರದಲ್ಲಿಯೂ ಬರುವ ಆ ದೃಷ್ಟಾಂತವನ್ನು ಅರಿಯದ ಜೈನರಿಲ್ಲ. ಹಸಿದ ಆರು ಮಂದಿ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕಡಿಯಲು ಬಯಸುತ್ತಾನೆ. ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ಕೊಂಬೆಯನ್ನು, ಬೇರೊಬ್ಬನು ರೆಂಬೆಯನ್ನು ಕಡಿಯೋಣವೆನ್ನುತ್ತಾನೆ. ಐದನೆಯವನು ಹಣ್ಣನ್ನಷ್ಟೇ ಕೀಳೋಣವೆನ್ನುತ್ತಾನೆ. ಶುಕ್ಲಲೇಶ್ಯೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಹಸಿವು ಆರು ಮಂದಿಗೂ ಒಂದೇ, ಅದನ್ನು ತೀರಿಸುವ ಬಗೆ ಬೇರೆ. ಇಂದಿನ ಇಂಧನದ ಹಸಿವಿಗೂ ಇದೇ ಅಳತೆಗೋಲು ಸಲ್ಲುತ್ತದೆ. ಸೌದೆಗಾಗಿ ಮರವನ್ನು ಕೆಡಹುವವನಿದ್ದಾನೆ, ಮತ್ತೊಬ್ಬರ ಅನ್ನವನ್ನೇ ಇಂಧನ ಮಾಡುವವನಿದ್ದಾನೆ. ಉದುರಿದ ಬೀಜವನ್ನು ಆಯ್ದು ದೀಪ ಹಚ್ಚುವ ದಾರಿಯೂ ಇದೆ.

ಆ ದಾರಿ ಕಲ್ಪನೆಯದಲ್ಲ. ವಿದ್ಯುತ್ತು ಬರುವ ಮೊದಲು ನಮ್ಮ ಹಳ್ಳಿಗಳ ಹಣತೆಗಳಲ್ಲಿ ಉರಿಯುತ್ತಿದ್ದುದರಲ್ಲಿ ಹೊಂಗೆಯ ಎಣ್ಣೆಯೂ ಒಂದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು ಅದೇ ಎಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ನಡೆಸುವ ಪ್ರಯೋಗ ಕೈಗೊಂಡರು. ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆಣ್ಣೆಯ ಜನರೇಟರುಗಳು ಕೊಳವೆಬಾವಿಯ ನೀರನ್ನು ಹೊಲಕ್ಕೆ ಎತ್ತಿದವು. 2009ರಲ್ಲಿ ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಬಂದಿತು. ಹಸಿರು ಹೊನ್ನು, ಬರಡು ಬಂಗಾರ ಎಂಬ ಹೆಸರುಗಳಲ್ಲಿ ಸಸಿಗಳು ಹಂಚಿಕೆಯಾದವು. ಸಸಿ ಹಂಚುವುದು ಸುಲಭ. ಹತ್ತು ವರ್ಷ ಮರವನ್ನು ಕಾಯುವ, ಬೀಜವನ್ನು ಒಟ್ಟುಮಾಡುವ ಸ್ಥಿರವಾದ ಸಂಸ್ಥೆಯೊಂದು ಊರಿನಲ್ಲಿರುವುದು ಕಷ್ಟ. ಬಸದಿಯ ಟ್ರಸ್ಟಿಗಿಂತ ಸ್ಥಿರವಾದ ಸಂಸ್ಥೆ ಯಾವ ಹಳ್ಳಿಯಲ್ಲಿದೆ?

ಹೊಂಗೆಯ ಲೆಕ್ಕ ಸರಳ. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಮೂರು ಕಿಲೋ ಹಿಂಡಿ. ಬಲಿತ ಮರವೊಂದು ವರ್ಷಕ್ಕೆ 20 ಕಿಲೋ ಬೀಜ ಕೊಟ್ಟಿತೆಂದು ಹಿಡಿದರೆ, ನೂರು ಮರಗಳಿಂದ 500 ಲೀಟರ್ ಎಣ್ಣೆಯೂ ಒಂದೂವರೆ ಟನ್ ಹಿಂಡಿಯೂ ದೊರೆಯುತ್ತವೆ. ಎಣ್ಣೆ ಪಂಪು, ಜನರೇಟರುಗಳಿಗೆ. ಹಿಂಡಿ ಹೊಲದ ಗೊಬ್ಬರಕ್ಕೆ. ಕಚ್ಚಾ ಎಣ್ಣೆಯನ್ನು ಸೋಸದೆ ಹಾಕಿದರೆ ಯಂತ್ರದ ಬಾಯಿ ಕಟ್ಟುತ್ತದೆ, ಆದ್ದರಿಂದ ಶುದ್ಧೀಕರಿಸಿ ಬಯೋಡೀಸೆಲ್ ಮಾಡಿ ಬಳಸುವುದು ಕ್ಷೇಮ. ಊರಿನ ಎಲ್ಲ ಟ್ರ್ಯಾಕ್ಟರುಗಳನ್ನು ಇದರಿಂದ ಓಡಿಸಬಹುದೆಂದು ನಾನು ಹೇಳುವುದಿಲ್ಲ. ಉಳಿದುದನ್ನು ನಮ್ಮ ಬಳಕೆಯ ಮಿತಿಯೇ ತುಂಬಬೇಕು. ಪರಿಗ್ರಹ ಪರಿಮಾಣವು ನಗ-ನಾಣ್ಯಕ್ಕೆ ಮಾತ್ರ ಸಂಬಂಧಿಸಿದ ವ್ರತವಲ್ಲ.

ಹೊಂಗೆಯು ಕಾಳಿನ ನೆಲವನ್ನು ಕೇಳುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಅದು ನೀರು ನಿಲ್ಲುವ ನೆಲವನ್ನೂ ಉಪ್ಪನ್ನೂ ತಾಳುತ್ತದೆ, ಬೇರಿನಲ್ಲಿ ಸಾರಜನಕವನ್ನು ಹಿಡಿದಿಡುತ್ತದೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಸವಳು-ಜವಳಾಗಿ ಬಿಳಿಜೋಳವೂ ಕಡಲೆಯೂ ಬಾರದಂತಾದ ಎರೆ ಭೂಮಿ ಈ ಭಾಗದಲ್ಲಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರನ್ನು ಹೊಕ್ಕಾಗ ಊರಿನ ಹೆಸರಾದ ಪೇರಲ ತೋಟಗಳು ನೀರಿನಲ್ಲಿ ನಿಂತವು, ಹೆದ್ದಾರಿ ಬಂದಾಯಿತು. ಹೊಳೆ-ಹಳ್ಳಗಳ ದಂಡೆಯ ಮಣ್ಣನ್ನು ಹಿಡಿಯುವುದು ಹೊಂಗೆಯ ಸಹಜಗುಣ. ಅದರ ಜೊತೆಗೆ ಹೊಟ್ಟೆಗಾಗುವ ಮರಗಳೂ ಬರಬೇಕು: ಬದುವಿಗೆ ಹುಣಸೆ, ಬಾವಿಯ ಬಳಿ ನುಗ್ಗೆ, ಬಸದಿಯ ಹಿತ್ತಲಿಗೆ ನೆಲ್ಲಿ. ಬರದ ವರ್ಷ ಹಿಂಗಾರಿ ಕೈಕೊಟ್ಟರೂ ನುಗ್ಗೆಯ ಸೊಪ್ಪು, ಹುಣಸೆಯ ಹಣ್ಣು ಇರುತ್ತವೆ. ಬೇವಿನ ಬೀಜದ ಕಷಾಯವು ಕಡಲೆಯ ಕಾಯಿಕೊರಕಕ್ಕೆ ಮೇವು ಬಿಡಿಸುತ್ತದೆ; ವಿಷದ ಔಷಧಿಯಷ್ಟು ಘೋರವಾದುದಲ್ಲ. ಆಹಾರ, ಔಷಧ, ಅಭಯ ಎಂಬ ಮೂರು ದಾನಗಳನ್ನು ಮರವೊಂದು ನಿಂತಲ್ಲಿಯೇ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2003ರ ನಂತರ ಜಟ್ರೋಫಾ ಎಂಬ ಕಾಡುಹರಳನ್ನು ದೇಶದ ಪಾಳುಭೂಮಿಯ ಭಾಗ್ಯವೆಂದು ಹೊಗಳಲಾಯಿತು. ಮಳೆಯನ್ನೇ ನಂಬಿದ ಪಾಳುನೆಲದಲ್ಲಿ ಅದು ಹೇಳಿದಷ್ಟು ಬೀಜ ಕೊಡಲಿಲ್ಲ. ಬೀಜ ವಿಷ, ಎಲೆಯನ್ನು ದನ ಮೂಸದು. ಇಂಧನವೊಂದನ್ನು ಬಿಟ್ಟು ಬೇರೇನನ್ನೂ ಕೊಡದ ಗಿಡವನ್ನು ನೆಟ್ಟವನಿಗೆ, ಇಂಧನವೂ ದಕ್ಕದಿದ್ದಾಗ ಉಳಿಯುವುದು ಶೂನ್ಯ. ಆದ್ದರಿಂದ ಒಂದೇ ಜಾತಿಯ ತೋಪನ್ನು ಹಾಕಿಸಲು ಯಾರೇ ಕರಾರು ಪತ್ರ ಹಿಡಿದು ಬಂದರೂ ಟ್ರಸ್ಟುಗಳು ಒಪ್ಪಬಾರದು.

ಇನ್ನು ಆಕ್ಷೇಪಗಳು. ಶ್ರಾವಕನು ಬಿಡಬೇಕಾದ ಹದಿನೈದು ಖರಕರ್ಮಗಳಲ್ಲಿ ಯಂತ್ರಪೀಡನ, ಅಂದರೆ ಗಾಣವಾಡಿಸುವ ವೃತ್ತಿಯೂ ಒಂದು. ಬಸದಿಯ ಬೀಜವನ್ನು ಗಾಣಕ್ಕೆ ಕಳಿಸುವುದು ಹೇಗೆಂದು ಶಾಸ್ತ್ರ ಬಲ್ಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಟ್ರಸ್ಟು ಎಣ್ಣೆಯ ವ್ಯಾಪಾರಕ್ಕೆ ಇಳಿಯಕೂಡದೆಂಬುದನ್ನು ನಾನೂ ಒಪ್ಪುತ್ತೇನೆ. ಬೀಜವನ್ನು ಚೆನ್ನಾಗಿ ಒಣಗಿಸಿ, ಹುಳು ಬೀಳುವ ಮೊದಲೇ ಗಾಣಕ್ಕೆ ಕಳಿಸಿ, ತನ್ನ ಅಗತ್ಯಕ್ಕೆ ಬೇಕಾದಷ್ಟನ್ನೇ ಪಡೆಯುವುದು ಬಾಳುವೆಗೆ ಅನಿವಾರ್ಯವಾದ ಆರಂಭೀ ಹಿಂಸೆಯ ಮಿತಿಯೊಳಗಿದೆ. ಆದರೆ ಆಕ್ಷೇಪಿಸುವವರನ್ನು ಒಂದು ಮಾತು ಕೇಳಬೇಕು: ಅದೇ ಹದಿನೈದರ ಪಟ್ಟಿಯಲ್ಲಿ ವನಕರ್ಮ, ಅಂಗಾರಕರ್ಮಗಳೂ ಇವೆಯಲ್ಲವೇ? ಲಾವಣಿದಾರನು ಬದುವಿನ ಬೇವನ್ನು ಕಡಿದು ಮಾರಿದಾಗ, ಜಾಲಿಯನ್ನು ಇದ್ದಿಲು ಸುಟ್ಟಾಗ ಯಾವ ಸಭೆಯಲ್ಲಿ ಆಕ್ಷೇಪ ಬಂದಿತು? ಗಾಣಕ್ಕೆ ಶಾಸ್ತ್ರ, ಕೊಡಲಿಗೆ ಮೌನ ಎಂಬುದು ಧರ್ಮವಲ್ಲ.

ಎರಡನೆಯ ಆಕ್ಷೇಪ ರೈತರದು: ನೆರಳಿನಿಂದ ಬೆಳೆ ಕುಂದುತ್ತದೆ, ಹಕ್ಕಿಗಳು ತೆನೆ ತಿನ್ನುತ್ತವೆ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ದಾರಿ ಅಥವಾ ಹಳ್ಳವಿರುವ ಉತ್ತರದ ಅಂಚಿಗೆ ಮರ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ತೆನೆ ತಿನ್ನುವ ಹಕ್ಕಿಯೇ ಕಾಯಿಕೊರಕವನ್ನೂ ಆರಿಸುತ್ತದೆ.

ಮೂರನೆಯ ಆಕ್ಷೇಪ ವಿಶ್ವಸ್ತರದು: ಲಾವಣಿಯ ಹಣ ಕಡಿಮೆಯಾದೀತು. ಆಗಲಿ. ಮರ ಫಲಕ್ಕೆ ಬರುವ ಐದಾರು ವರ್ಷ ಆ ನಷ್ಟವನ್ನು ಸಮಾಜ ತುಂಬಿಕೊಡಬೇಕು. ಪಂಚಕಲ್ಯಾಣದ ಮೆರವಣಿಗೆಗೆ ಕೈಬಿಚ್ಚುವ ಕುಟುಂಬಗಳಿಗೆ ಇದು ಭಾರವಲ್ಲ.

ಟ್ರಸ್ಟುಗಳು ಈ ಮಳೆಗಾಲಕ್ಕೆ ಮೊದಲೇ ತಮ್ಮ ಸಭೆಗಳಲ್ಲಿ ನಾಲ್ಕು ಠರಾವುಗಳನ್ನು ಮಾಡಬೇಕು. ಲಾವಣಿ ಪತ್ರದಲ್ಲಿ ನಿಂತ ಮರವನ್ನು ಕಡಿಯಬಾರದೆಂಬ, ಕಾಳನ್ನು ಎಥೆನಾಲಿಗೆ ಮಾರಬಾರದೆಂಬ ಕರಾರು ಇರಲಿ. ಲಾವಣಿಯ ಅವಧಿ ಒಂದು ವರ್ಷಕ್ಕೆ ಬದಲು ದೀರ್ಘವಾಗಿರಲಿ, ಮರ ಸಾಕಿದವನಿಗೆ ಬಾಡಿಗೆಯಲ್ಲಿ ಸೋಡಿ ಇರಲಿ. ಸವಳು ನೆಲಕ್ಕೂ ಹಳ್ಳದ ದಂಡೆಗೂ ಹೊಂಗೆ, ಬದುವಿಗೂ ಹಿತ್ತಲಿಗೂ ಹಣ್ಣು-ಸೊಪ್ಪಿನ ಮರಗಳು ಬರಲಿ. ಕೊನೆಯದಾಗಿ, ಉದುರಿದ ಬೀಜವನ್ನು ಆಯುವ ಹಕ್ಕನ್ನು ಹರಾಜಿಗೆ ಇಡದೆ ಊರಿನ ಭೂಹೀನ ಹೆಣ್ಣುಮಕ್ಕಳಿಗೆ ಬಿಟ್ಟು, ಟ್ರಸ್ಟೇ ನ್ಯಾಯವಾದ ಬೆಲೆ ಕೊಟ್ಟು ಅವರಿಂದ ಕೊಳ್ಳಲಿ. ಹುಣಸೆ, ನುಗ್ಗೆಗಳಲ್ಲಿ ಅವರಿಗೂ ಪಾಲಿರಲಿ.

ಬಂಕೇಶನು ಕೊಳನೂರಿನ ಬಸದಿಗೆ ಭೂಮಿ ಬೇಡಿದ್ದು ಅದು ಹರಾಜಿನ ವಸ್ತುವಾಗಲೆಂದು ಅಲ್ಲ. ಆ ದಾನದ ಹೆಸರು ಹೇಳಿಕೊಳ್ಳುವ ನಾವು, ನಮ್ಮ ನೆಲದಲ್ಲಿ ಬೆಳೆದ ಕಾಳು ಯಾರ ಹೊಟ್ಟೆಗೆ ಹೋಗುತ್ತದೆ, ನಮ್ಮ ಬದುವಿನ ಮರ ಯಾರ ಕೊಡಲಿಗೆ ಬೀಳುತ್ತದೆ ಎಂಬುದಕ್ಕೆ ಉತ್ತರ ಹೇಳಬೇಕಾದವರು. ಆ ಉತ್ತರವನ್ನು ಮುಂದಿನ ಹರಾಜಿಗೆ ಮೊದಲೇ ಕೊಡೋಣ.