ಕೋಳಿಯ ಲಸಿಕೆ ಮತ್ತು ರೈತನ ಲೆಕ್ಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೇಷ್ಮೆ ರೈತನು ರೋಗರಹಿತವೆಂದು ಪರೀಕ್ಷಿಸಿದ ಮೊಟ್ಟೆಗಳನ್ನೇ ಹಣ ಕೊಟ್ಟು ತರುತ್ತಾನೆ. ಅದೇ ಮನೆಯ ಹಿತ್ತಲಲ್ಲಿ ಮೇಯುವ ಹತ್ತು ನಾಟಿ ಕೋಳಿಗಳಿಗೆ ಮಾತ್ರ ಅನೇಕ ವೇಳೆ ಲಸಿಕೆ ಬಿದ್ದಿರುವುದಿಲ್ಲ. ಸೋಜಿಗವೇನೆಂದರೆ, ಈ ಎರಡು ವಿದ್ಯೆಗಳೂ ಒಬ್ಬನೇ ವಿಜ್ಞಾನಿಗೆ ಋಣಿಯಾಗಿವೆ. 1865ರಲ್ಲಿ ರೇಷ್ಮೆಹುಳುವಿನ ಗಂಟುರೋಗವನ್ನು ಅಭ್ಯಸಿಸಲು ತೊಡಗಿದ ಲೂಯಿ ಪಾಸ್ತರನು, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದನು. 1880ರ ವೇಳೆಗೆ ಕೋಳಿಯ ಕಾಲರಾ ರೋಗಾಣುಗಳನ್ನು ದುರ್ಬಲಗೊಳಿಸಿ ಲಸಿಕೆಯನ್ನು ಮಾಡಿದವನೂ ಅವನೇ.

ಹಾಗಾದರೆ ಒಂದನ್ನು ಒಪ್ಪಿದ ರೈತನು ಇನ್ನೊಂದನ್ನು ಏಕೆ ಒಪ್ಪಲಿಲ್ಲ? ಅಜ್ಞಾನವೇ ಕಾರಣವೆನ್ನುವವರುಂಟು. ಆ ಮಾತನ್ನು ನಾವು ಒಪ್ಪಲಾರೆವು.

ಹಿತ್ತಲ ಕೋಳಿಗಳ ಪರಮಶತ್ರು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ. ಇದಕ್ಕೆ ಲಸಿಕೆಯು ದೂರದಿಂದ ಬರಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿಯೇ ತಯಾರಾಗುತ್ತದೆ. ಆದರೆ ಅದನ್ನು ತಣ್ಣಗಿಟ್ಟು ತರಬೇಕು. ಸೀಸೆಯೊಂದು ನೂರು ಅಥವಾ ಹೆಚ್ಚು ಕೋಳಿಗಳಿಗೆ ಸಾಲುವಂಥದು. ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಯವನು ಇಷ್ಟು ಶ್ರಮಪಡುವುದು ಯಾವ ಲೆಕ್ಕಕ್ಕೆ ಕೂಡೀತು? ಕಂಪನಿಯ ಕರಾರಿನ ಮೇಲೆ ಸಾವಿರಾರು ಮರಿಗಳನ್ನು ಸಾಕುವವನಿಗೆ ಈ ತೊಡಕಿಲ್ಲ. ಮರಿ, ಮೇವುಗಳೊಡನೆ ಲಸಿಕೆಯೂ ಬರುತ್ತದೆ.

ಇನ್ನೊಂದು ಕಾರಣವೂ ಉಂಟು. ಒಳ್ಳೆಯ ಮೊಟ್ಟೆಯ ಫಲವು ಕೆಲವೇ ವಾರಗಳಲ್ಲಿ ಗೂಡಾಗಿ ಕಣ್ಣಿಗೆ ಕಾಣುತ್ತದೆ. ಲಸಿಕೆಯ ಫಲವಾದರೋ ಸಾಯದೆ ಉಳಿದ ಕೋಳಿ. ಅದು ಲಸಿಕೆಯಿಂದಲೇ ಉಳಿಯಿತೆಂದು ಹೇಳುವವರಾರು? ಸಾಲದುದಕ್ಕೆ, ರೋಗವು ಊರನ್ನು ಹೊಕ್ಕ ಮೇಲೆ ಲಸಿಕೆಗೆ ಓಡುವುದು ವಾಡಿಕೆ. ಆಗಲೇ ಸೋಂಕು ತಗುಲಿದ ಕೋಳಿಗಳು ಸಾಯುತ್ತವೆ. ಅಪವಾದವು ಲಸಿಕೆಗೆ ಬರುತ್ತದೆ.

ಇನ್ನು ಹಕ್ಕಿಜ್ವರ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತಕ್ಕೆ ಕಾಲಿಟ್ಟ ಈ ರೋಗವು 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಚೀನಾ ದೇಶವು ಇದಕ್ಕೆ ಲಸಿಕೆ ಹಾಕುತ್ತದೆ. ಫ್ರಾನ್ಸ್ 2023ರಲ್ಲಿ ಬಾತುಕೋಳಿಗಳಿಗೆ ಹಾಕತೊಡಗಿತು. ನಮ್ಮ ದೇಶವು ಈವರೆಗೆ ನಂಬಿರುವುದು, ಸೋಂಕಿನ ಸುತ್ತಲಿನ ಹಕ್ಕಿಗಳನ್ನು ಕೊಂದು ಪರಿಹಾರ ಕೊಡುವ ಕ್ರಮವನ್ನು. ಲಸಿಕೆ ಪಡೆದ ಹಕ್ಕಿಯು ಆರೋಗ್ಯವಾಗಿ ಕಂಡರೂ ವೈರಸ್ಸನ್ನು ಹರಡಬಹುದೆಂಬ ಭಯವು ನಿರಾಧಾರವಲ್ಲ.

ಆದರೆ ನಾಳೆ ಆ ಲಸಿಕೆಗೆ ಅನುಮತಿ ದೊರೆತರೂ, ಅದು ಕೊಕ್ಕರೆ ರೋಗದ ಲಸಿಕೆ ನಡೆಯಬೇಕಾದ ದಾರಿಯಲ್ಲಿಯೇ ಹಿತ್ತಲನ್ನು ಸೇರಬೇಕು. ಆದುದರಿಂದ ಆ ದಾರಿಯನ್ನು ಇಂದೇ ಹಸನು ಮಾಡುವುದು ಯುಕ್ತ. ಮನೆಯ ಬದಲು ಊರನ್ನೇ ಒಂದು ಘಟಕವೆಂದೆಣಿಸಿ, ರೋಗ ಬರುವ ಮೊದಲೇ ದಿನ ಗೊತ್ತುಮಾಡಬೇಕು. ಬೆಳಗ್ಗೆ ಮಂಕರಿ ಎತ್ತುವ ಮುನ್ನ ಎಲ್ಲ ಮನೆಗಳ ಕೋಳಿಗಳಿಗೂ ಲಸಿಕೆ ಬೀಳಬೇಕು. ಈ ಕೆಲಸಕ್ಕೆ ಊರಿನ ಹೆಂಗಸರನ್ನೇ ತರಬೇತುಗೊಳಿಸಬಹುದು. ಕೋಳಿ ಸಾಕುವವರು ಹೆಚ್ಚಾಗಿ ಅವರೇ ಅಲ್ಲವೆ? ಕೋಳಿಗಳ ಹಠಾತ್ ಸಾವನ್ನು ತಿಳಿಸಿದವರಿಗೆ ಪರಿಹಾರವೂ ಬೇಗ ಸಲ್ಲಬೇಕು. ಇಲ್ಲವಾದರೆ ರೋಗದ ಕೋಳಿಯು ಸಂತೆಗೆ ಹೋಗುವುದನ್ನು ತಡೆಯುವವರಿಲ್ಲ.

ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವುಂಟು. ನಿಮ್ಮ ಬೀದಿಯ ಕೋಳಿಗಳನ್ನು ಎಣಿಸಿ, ತಿಂಗಳು ತಿಂಗಳು ಸತ್ತವೆಷ್ಟು, ಲಸಿಕೆ ಪಡೆದವೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸಾಯದೆ ಉಳಿದ ಕೋಳಿಯು ಆ ಪುಸ್ತಕದಲ್ಲಿ ಮಾತ್ರ ಕಣ್ಣಿಗೆ ಕಾಣುತ್ತದೆ. ಉಪದೇಶಕ್ಕೆ ಒಪ್ಪದ ರೈತನೂ ಲೆಕ್ಕಕ್ಕೆ ಒಪ್ಪುತ್ತಾನೆ.