ಗುದ್ದಲಿ ಪೂಜೆ ಶ್ರಾವಣದಲ್ಲೇ ಆಗಲಿ, ಪಾಯ ತೆಗೆಯೋದು ಮಾತ್ರ ಬೇಡ

ಆಷಾಢ ಮುಗಿದು ಶ್ರಾವಣ ಬಂತು ಅಂದ್ರೆ ಹಳ್ಳಿಗಳಲ್ಲಿ ಗುದ್ದಲಿ ಪೂಜೆ ಶುರು. ಬೆಳಗ್ಗೆ ಪೂಜೆ, ಮಧ್ಯಾಹ್ನ ಜೆಸಿಬಿ, ಸಂಜೆಯೊಳಗೆ ಮನೆಯ ಉದ್ದಗಲಕ್ಕೂ ಪಾಯದ ಗುಂಡಿ. ರಾತ್ರಿ ಮಳೆ ಹೊಡೆದರೆ ಮರುದಿನ ಅದೇ ಗುಂಡಿಯಲ್ಲಿ ಕಪ್ಪೆ ಕೂಗುತ್ತಿರುತ್ತೆ. ಪೂಜೆಗೆ ನನ್ನ ತಕರಾರಿಲ್ಲ. ಒಳ್ಳೆ ದಿನ ನೋಡಿ ಈಶಾನ್ಯದಲ್ಲಿ ನಾಲ್ಕು ಗುದ್ದಲಿ ಮಣ್ಣು ತೆಗೆಯಿರಿ. ಆದರೆ ಪೂರ್ತಿ ಪಾಯ ತೆಗೆಯೋಕೆ ಮಣ್ಣಿನ ಹದ ನೋಡಿ ಅನ್ನೋದು ನನ್ನ ವಾದ.

ತೋಟಗಾರಿಕೆ ಓದಿದವನಿಗೆ ಪಾಯದ ಉಸಾಬರಿ ಯಾಕೆ ಅಂತ ಕೇಳಬಹುದು. ಪಾಯ ನಿಲ್ಲೋದೂ ಮಣ್ಣಿನ ಮೇಲೇ ಅಲ್ವಾ? ಹಸಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಹೆಂಟೆ ಏಳುತ್ತೆ, ಮಣ್ಣು ಒತ್ತಿಕೊಳ್ಳುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು. ಹದ ಬರಲಿ ಅಂತ ನಾಲ್ಕು ದಿನ ಕಾಯ್ತೀವಿ. ನಾಲ್ಕು ತಿಂಗಳ ಬೆಳೆಗೆ ಕಾಯೋ ನಾವು ಮಕ್ಕಳ ಕಾಲದವರೆಗೂ ನಿಲ್ಲಬೇಕಾದ ಮನೆಗೆ ಮಾತ್ರ ಅವಸರ ಮಾಡ್ತೀವಿ.

ನೀರು ನಿಂತರೆ ಏನಾಗುತ್ತೆ?

ಗುಂಡಿಯ ತಳದ ಗಟ್ಟಿ ಮಣ್ಣು ನೀರು ಕುಡಿದು ಮೆತ್ತಗಾಗುತ್ತೆ. ಆಳುಗಳು ಓಡಾಡಿದರೆ ಕೆಸರಾಗುತ್ತೆ. ಅದರ ಮೇಲೇ ಬೆಡ್ ಕಾಂಕ್ರೀಟ್ ಹಾಕಿ ಕಲ್ಲು ಕಟ್ಟಿದರೆ, ಗೋಡೆ ಏರಿದಂತೆ ಕೆಸರು ಕುಗ್ಗುತ್ತೆ. ಒಂದು ಮೂಲೆ ಹೆಚ್ಚು, ಇನ್ನೊಂದು ಮೂಲೆ ಕಡಿಮೆ ಕುಗ್ಗೋದೇ ದೊಡ್ಡ ತೊಂದರೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏಳುವ ಬಿರುಕುಗಳಿಗೆ ಇದೊಂದು ಮುಖ್ಯ ಕಾರಣ. ಮೇಲೆ ಎಷ್ಟು ಸಿಮೆಂಟ್ ಮೆತ್ತಿದರೂ ಪಾಯದ ಕೆಳಗಿನ ತಪ್ಪು ಸರಿಹೋಗಲ್ಲ.

ಮಣ್ಣಿನಿಂದ ಮಣ್ಣಿಗೆ ಕಥೆ ಬೇರೆ. ಕೆಂಪು ಮಣ್ಣಲ್ಲಿ ನೀರು ಬೇಗ ಇಂಗುತ್ತೆ, ಆದರೆ ನೆನೆದಾಗ ಗುಂಡಿಯ ಅಂಚು ಕುಸಿಯುತ್ತೆ. ಮಲೆನಾಡಲ್ಲಿ ಜುಲೈ, ಆಗಸ್ಟ್ ಅಂದ್ರೆ ಒರತೆ ಏಳೋ ಕಾಲ. ಮೇಲಿಂದ ಮಳೆ ನಿಂತರೂ ಪಕ್ಕದ ಗೋಡೆಯಿಂದ ನೀರು ಜಿನುಗುತ್ತಲೇ ಇರುತ್ತೆ. ಧಾರವಾಡ, ಗದಗ, ವಿಜಯಪುರ ಕಡೆಯ ಎರೆ ಮಣ್ಣಂತೂ ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತೆ. ಅಲ್ಲಿ ಪಕ್ಕದ ಮನೆಯವರ ಅಳತೆ ನೋಡಿ ಪಾಯ ತೆಗೆಯೋ ಬದಲು ಎಂಜಿನಿಯರ್‌ಗೆ ಜಾಗ ತೋರಿಸಿ. ಅಂಡರ್ ರೀಮ್ಡ್ ಪೈಲ್ ಅನ್ನೋ, ಬುಡದಲ್ಲಿ ಅಗಲವಾಗಿರುವ ಕಂಬದ ಪಾಯ ಇಂಥ ಮಣ್ಣಿಗೆಂದೇ ಬಳಕೆಯಲ್ಲಿದೆ.

ಜೀವದ ಪ್ರಶ್ನೆಯೂ ಇದೆ. ಒಂದು ಘನ ಮೀಟರ್ ಹಸಿ ಮಣ್ಣು ಸುಮಾರು 2 ಟನ್ ತೂಗುತ್ತೆ. ಎದೆಮಟ್ಟದ ಗುಂಡಿಯಲ್ಲಿ ಬಗ್ಗಿ ಕೆಲಸ ಮಾಡೋವಾಗ ಪಕ್ಕ ಕುಸಿದರೆ ಎದ್ದು ಓಡೋಕೆ ಸಮಯ ಸಿಗಲ್ಲ. ಒಂದೂವರೆ ಮೀಟರ್‌ಗಿಂತ ಆಳದ ಗುಂಡಿಗೆ ಪಕ್ಕಕ್ಕೆ ಹಲಗೆ, ಅಡ್ಡಗಟ್ಟು ಕೊಡಬೇಕು ಅಂತ ಕಟ್ಟಡ ಸಂಹಿತೆಯೇ ಹೇಳುತ್ತೆ. ಸ್ವಂತ ಮನೆ ಕಟ್ಟೋವಾಗ ಗುಂಡಿಯೊಳಗೆ ಇಳಿಯೋದು ನಾವೇ, ನಮ್ಮ ತಮ್ಮನೇ, ನಮ್ಮೂರಿನ ಆಳೇ.

ಮಳೆಗಾಲದಲ್ಲೇ ಯಾಕೆ ತೆಗೀತಾರೆ?

ಕಾರಣಗಳಿಲ್ಲದೆ ಇಲ್ಲ. ಆಗ ಮೇಸ್ತ್ರಿ ಬಿಡುವಾಗಿ ಸಿಗ್ತಾರೆ. ಕ್ಯೂರಿಂಗಿಗೆ ನೀರಿನ ಚಿಂತೆ ಇಲ್ಲ. ವಸತಿ ಯೋಜನೆಯ ಫಲಾನುಭವಿಗಳಿಗೆ ಪಾಯ ಮುಗಿದು ಫೋಟೊ ಅಪ್‌ಲೋಡ್ ಆಗೋವರೆಗೂ ಕಂತು ಬರಲ್ಲ. ಬಾಡಿಗೆ ಮನೆಯಲ್ಲಿರೋರಿಗೆ, ಸೋರೋ ಮನೆಯಲ್ಲಿರೋರಿಗೆ ಕಾಯಿರಿ ಅನ್ನೋದು ಸುಲಭದ ಮಾತಲ್ಲ ಅಂತ ನನಗೂ ಗೊತ್ತು. ಆದರೂ ಲೆಕ್ಕ ಹಾಕಿ. ನೀರೆತ್ತೋ ಪಂಪಿನ ಡೀಸೆಲ್, ಕುಸಿದ ಮಣ್ಣು ಮತ್ತೆ ತೆಗೆಯೋ ಕೂಲಿ, ಅಗಲವಾದ ಗುಂಡಿಗೆ ಹೆಚ್ಚುವರಿ ಜಲ್ಲಿ, ಸಿಮೆಂಟ್ ಎಲ್ಲ ಸೇರಿದರೆ ಮಳೆಗಾಲದಲ್ಲಿ ಉಳಿಸಿದ್ದು ಅಂದುಕೊಂಡ ದುಡ್ಡು ಉಳಿದಿರಲ್ಲ.

ಮಳೆಗಾಲದಲ್ಲಿ ಒಂದೇ ಒಂದು ಗುಂಡಿ ಸಾಕು

ಮಳೆಗಾಲ ಜಾಗ ಓದೋಕೆ ಒಳ್ಳೆಯ ಕಾಲ. ದಾಳಿಂಬೆ, ಅಡಿಕೆ ಹಾಕೋ ಮುಂಚೆ ಗುಂಡಿ ತೆಗೆದು ನೀರು ಎಷ್ಟು ಹೊತ್ತಲ್ಲಿ ಇಂಗುತ್ತೆ ನೋಡ್ತೀವಲ್ಲ, ಮನೆಗೂ ಅದೇ ಮಾಡಿ. ಗೋಡೆ ಬರೋ ಗೆರೆ ಬಿಟ್ಟು ಪಕ್ಕದಲ್ಲಿ ಮೂರಡಿ ಅಗಲ, ನಾಲ್ಕಡಿ ಆಳದ ಒಂದು ಗುಂಡಿ ತೆಗೆದು, ಮಕ್ಕಳು, ದನಕರು ಬೀಳದಂತೆ ಬೇಲಿ ಕಟ್ಟಿ. ವಾರವಿಡೀ ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ: ನೀರು ಎಷ್ಟು ಏರಿತು, ಎಷ್ಟು ದಿನ ನಿಂತಿತು, ಯಾವ ಪಕ್ಕದಿಂದ ಜಿನುಗಿತು? ನಮ್ಮ ಮನೆಗೆ ನಾನು ಜುಲೈಯಲ್ಲಿ ಹೀಗೆ ನೋಡಿದಾಗ ಮೂರಡಿಗೇ ಮೇಲ್ಗಡೆಯಿಂದ ಒರತೆ ಕಾಣಿಸಿತು. ಮನೆಯನ್ನು ಹತ್ತು ಮೀಟರ್ ಆಚೆ ಸರಿಸಿದೆವು. ಬೇಸಿಗೆಯಲ್ಲಿ ನೋಡಿದ್ದರೆ ಆ ನೀರು ಕಾಣ್ತಾನೇ ಇರಲಿಲ್ಲ.

ಪಾಯದ ಕೆಲಸ ಯಾವಾಗ ಅನ್ನೋದು ಊರಿನ ಮೇಲೆ ಹೋಗುತ್ತೆ. ಮಲೆನಾಡು, ಕರಾವಳಿಯಲ್ಲಿ ಒರತೆ ಇಳಿದ ಮೇಲೆ, ಅಂದ್ರೆ ಡಿಸೆಂಬರ್ ಸುಮಾರಿಗೆ ಶುರು ಮಾಡಿ. ಕೋಲಾರ, ತುಮಕೂರು, ಚಾಮರಾಜನಗರದ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜೋರು ಮಳೆ, ಹಿಂಗಾರು ಮುಗಿಯೋ ತನಕ ನಂಬಬೇಡಿ. 2021ರ ನವೆಂಬರ್ ಮಳೆಗೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಹಾಳಾಗಿದ್ದು ನೆನಪಿದೆ ತಾನೇ?

ತೆಗೆಯಲೇಬೇಕು ಅಂದ್ರೆ

ಕಂತು, ಕುಟುಂಬದ ತುರ್ತು ಅಂತ ಮಳೆಯಲ್ಲೇ ತೆಗೆಯೋ ಪರಿಸ್ಥಿತಿ ಬಂದರೆ ಇಷ್ಟು ಬಿಡಬೇಡಿ:

- ಸ್ಪ್ರೇ ಮಾಡೋ ಮುಂಚೆ ಮೇಘದೂತ್ ಆ್ಯಪ್ ನೋಡೋ ಹಾಗೆ ಜೆಸಿಬಿ ಕರೆಯೋ ಮುಂಚೆಯೂ ನೋಡಿ.
- ಒಂದು ದಿನದಲ್ಲಿ ಬೆಡ್ ಹಾಕೋಕಾಗುವಷ್ಟು ಉದ್ದ ಮಾತ್ರ ತೆಗೆಯಿರಿ. ಕೊನೆಯ ಅರ್ಧ ಅಡಿಯನ್ನು ಕಾಂಕ್ರೀಟ್ ಹಾಕೋ ದಿನವೇ ಕೈಯಲ್ಲಿ ತೆಗೆಯಿರಿ.
- ಇಳಿಜಾರಿನ ಮೇಲ್ಗಡೆ ಬದು ಹಾಕಿ, ಬಸಿಗಾಲುವೆ ತೋಡಿ ನೀರು ತಿರುಗಿಸಿ.
- ತೆಗೆದ ಮಣ್ಣಿನ ರಾಶಿ ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಲಿ. ಮೇಲಿನ ಅರ್ಧ ಅಡಿ ಫಲವತ್ತಾದ ಮಣ್ಣನ್ನು ಬೇರೆಯಾಗಿ ಗುಡ್ಡೆ ಹಾಕಿ ಮುಚ್ಚಿಡಿ. ಹಿತ್ತಲಿಗೆ ಅದಕ್ಕಿಂತ ಒಳ್ಳೆ ಮಣ್ಣು ಸಿಗಲ್ಲ.
- ನೀರು ನಿಂತರೆ ಮೂಲೆಯ ಸಣ್ಣ ಗುಣಿಗೆ ಹರಿಸಿ ಎತ್ತಿ. ಕೆಸರನ್ನು ಗಟ್ಟಿ ಮಣ್ಣು ಸಿಗೋ ತನಕ ಬಳಿದು ಹಾಕಿ. ಹೆಚ್ಚಾದ ಆಳವನ್ನು ಕಾಂಕ್ರೀಟ್‌ನಿಂದಲೇ ತುಂಬಿ, ಸಡಿಲ ಮಣ್ಣು ಬೇಡ.

ಮೇಸ್ತ್ರಿ "ಏನಾಗಲ್ಲ ಬಿಡಿ ಅಣ್ಣ, ನೀರಲ್ಲೇ ಹಾಕೋಣ" ಅಂದ್ರೆ ಅವತ್ತಿನ ಕೂಲಿ ಕೊಟ್ಟು ಕಳಿಸಿ. ಅವತ್ತಿನ ಕೂಲಿ ಮುಂದೆ ಗೋಡೆಯಲ್ಲಿ ಬರೋ ಬಿರುಕಿಗಿಂತ ಅಗ್ಗ.